ದೊಡ್ಡಪ್ಪನ ಬಾವಿಯಲ್ಲಿ ತೂಕವಿಲ್ಲದ ದೀಪ

ಮೊನ್ನೆ ಶ್ರೀರಂಗಪಟ್ಟಣದ ಹೊರಗಿನ ಹೋಟೆಲೊಂದರಲ್ಲಿ ಕಾಫಿಗೆ ಕೂತಿದ್ದೆ. ತಲೆಯ ಮೇಲೆ ದೀಪದ ಗೊಂಚಲೊಂದು ತೂಗುತ್ತಿತ್ತು. ದಿಟ್ಟಿಸಿ ನೋಡಿದರೆ ಅದು ಪಾತಾಳಗರಡಿ. ಬಾವಿಗೆ ಬಿದ್ದ ಕೊಡ ಎತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರಲ್ಲ, ಆ ಕಬ್ಬಿಣದ ಕೊಕ್ಕೆಗಳ ಕಟ್ಟು. ಕೊಕ್ಕೆಗೊಂದರಂತೆ ಎಲ್‌ಇಡಿ ಬಲ್ಬು ಸಿಕ್ಕಿಸಿದ್ದರು. ಮನೆಯ ಅಟ್ಟದಲ್ಲಿ ಕಾಲಿಗೆ ತೊಡರಿ ಬೈಸಿಕೊಳ್ಳುವ ಸಾಮಾನು ಹೋಟೆಲಿಗೆ ಬಂದ ಕೂಡಲೇ ಹೇಗೆ ದೊಡ್ಡ ಮನುಷ್ಯನಾಗುತ್ತದೆ ನೋಡಿ. ಫೋಟೋ ತೆಗೆದು ಸುಜಾತಕ್ಕನಿಗೆ ಕಳಿಸಿದೆ. "ಅದರಲ್ಲಿ ದೀಪ ಎತ್ತಿದವರಲ್ಲಿ ನಾವೇ ಮೊದಲು" ಎಂದು ಉತ್ತರ ಬಂತು.

ಸುಜಾತಕ್ಕ ನನ್ನ ದೊಡ್ಡಪ್ಪನ ಮಗಳು. ಬೂಕನಕೆರೆಯ ಹತ್ತಿರ ಅವರ ಮನೆ. ಆ ದೀಪ ಎತ್ತಿದ ಕಾಲಕ್ಕೆ ಅವಳು ಮೈಸೂರಿನಲ್ಲಿ ದೀಪಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು: ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು ತೆಗೆಯುವುದು ಹೇಗೆ ಎಂದು. ನಾನು ಓದಿದ್ದು ಚರಿತ್ರೆ, ಹಾಗಾಗಿ ಈ ಮುಂದಿನ ವಿವರಣೆಯಲ್ಲಿ ತಪ್ಪಿದ್ದರೆ ಅದು ನನ್ನದೇ. ಆಟದ ಮೈದಾನಗಳಲ್ಲಿ ಉರಿಯುತ್ತಿದ್ದಂಥ ದೀಪದೊಳಗೆ ಬಿಸಿ ಆವಿ ಇರುತ್ತದೆ. ಬಿಸಿಯಾದದ್ದು ಮೇಲೇರುತ್ತದೆ, ತಣ್ಣಗಾದದ್ದು ಇಳಿಯುತ್ತದೆ. ಆ ಎಳೆದಾಟದಲ್ಲಿ ಬೆಳಕಿನ ಎಳೆ ಕಮಾನಿನಂತೆ ಬಾಗುತ್ತದೆ, ಒಂದಷ್ಟು ಕರೆಂಟು ದಂಡ. ತೂಕವೇ ಇಲ್ಲದ ಕಡೆ ಮೇಲೂ ಇಲ್ಲ, ಕೆಳಗೂ ಇಲ್ಲ. ಅಲ್ಲಿ ಎಳೆ ನೆಟ್ಟಗಾಗಬೇಕು. ಅದನ್ನು ನೋಡಿದರೆ ಭೂಮಿಯ ಮೇಲೆ ಒಳ್ಳೆಯ ದೀಪ ಹೇಗೆ ಮಾಡಬೇಕೆಂದು ತಿಳಿಯುತ್ತದೆ.

ತೂಕ ಕಳೆಯಲು ಆಕಾಶಕ್ಕೇ ಹೋಗಬೇಕಾಗಿಲ್ಲ, ಬಿದ್ದರೂ ಸಾಕು. ಬೀಳುವಷ್ಟು ಹೊತ್ತು ಯಾವುದಕ್ಕೂ ತೂಕವಿಲ್ಲ. ದೂರದ ಒಂದು ಪ್ರಯೋಗಾಲಯದಲ್ಲಿ ವಸ್ತುಗಳನ್ನು ಬೀಳಿಸಲೆಂದೇ ಎತ್ತರದ ಗೋಪುರವಿತ್ತು. ಅಲ್ಲಿಗೆ ಅರ್ಜಿ ಕಳಿಸಬೇಕಾದರೆ ಮೊದಲು ಒಂದಾದರೂ ನೆಟ್ಟನೆಯ ಎಳೆ ತೋರಿಸು, ಇಲ್ಲದಿದ್ದರೆ ವಿಷಯ ಬದಲಾಯಿಸು ಎಂದು ಅಕ್ಕನ ಮೇಷ್ಟ್ರು ಹೇಳಿದ್ದರು. ಬದಲಾಯಿಸಿದರೆ ಮೂರು ವರ್ಷದ ಕೆಲಸ ದಂಡ. ಅಕ್ಕ ಊರಿಗೆ ಬಂದವಳೇ ಹಿತ್ತಲ ನೀರು ಬತ್ತಿದ ಹಾಳುಬಾವಿಯೊಳಗೆ ಇಣುಕಿದಳು.

ಬಿದ್ದದ್ದು ಒಡೆಯದಿರಲೆಂದು ತಳಕ್ಕೆ ಕಬ್ಬಿನ ಒಣ ಸೋಗೆ ಸುರಿದೆವು. ಟೊಮ್ಯಾಟೊ ಪೆಟ್ಟಿಗೆಯೊಳಗೆ ಅದೇ ಜಾತಿಯ ದೀಪವಿದ್ದ ಕಾರಿನ ಹೆಡ್‌ಲೈಟು, ಬ್ಯಾಟರಿ, ವೆಲ್ಡಿಂಗ್ ಅಂಗಡಿಯ ಕರಿಗಾಜಿನ ಹಿಂದೆ ಕ್ಯಾಮೆರಾ ಆನ್ ಮಾಡಿದ ಫೋನು. ಮೇಲೆತ್ತಲು ಪೆಟ್ಟಿಗೆಗೆ ಹಗ್ಗ. ಹಗ್ಗದ ತುದಿ ದೊಡ್ಡಪ್ಪನ ಕೈಯಲ್ಲಿ. ಹಿಡಿದರೆ ತೂಕ ವಾಪಸು ಬರುತ್ತದೆ, ಸಡಿಲವಾಗಿ ಬಿಡಬೇಕು ಅಂತ ಅಕ್ಕ ಹೇಳಿದ್ದಳು, ಅವರು ತಲೆಯನ್ನೂ ಆಡಿಸಿದ್ದರು.

ಮೊದಲ ಸಲ ಎಳೆ ಬಾಗಿಯೇ ಇತ್ತು. ಎರಡನೇ ಸಲವೂ. ಅಕ್ಕ ಬ್ಯಾಟರಿಯನ್ನು ಬೈದಳು, ಗಾಳಿಯನ್ನು ಬೈದಳು, ಆಮೇಲೆ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಸೊಪ್ಪು ಬಿಡಿಸುತ್ತಾ ಕೂತಿದ್ದ ದೊಡ್ಡಮ್ಮ ತಲೆ ಎತ್ತದೆಯೇ ಅಂದರು, "ಒಸಿ ಅಂಗೈ ತೋರ್ಸಿ."

ದೊಡ್ಡಪ್ಪ ತೋರಿಸಲಿಲ್ಲ. ನಾನೇ ಇಣುಕಿದೆ. ಹಗ್ಗ ಉಜ್ಜಿ ಅಂಗೈ ಕೆಂಪಾಗಿತ್ತು.

"ಅಪ್ಪಾ, ಇಡ್ಕಂಡ್ಯೇನಪ್ಪಾ?"

"ನಾನೆಲ್ಲವ್ವಾ ಇಡ್ಕಂಡೆ? ಬುಟ್ಟೆ ಕಣವ್ವ, ಪೂರ್ತಿ ಬುಟ್ಟೆ."

"ಬುಟ್ರಂತೆ," ಅಂದರು ದೊಡ್ಡಮ್ಮ. "ಕೊಡ ಬುಡವಾಗ್ಲೂ ಇಂಗೇ, ಮನ್ಸ ಇಳಿವಾಗ್ಲೂ ಇಂಗೇ. ಬಾವಿ ತಾವ ಆ ಕೈ ಇವ್ರ ಮಾತ್ ಕೇಳಕ್ಕಿಲ್ಲ ಬುಡವ್ವ."

ಇಲ್ಲಿ ಒಂದು ಮಾತು. ಮಗಳು ದೂರ ಹೋಗಬಾರದೆಂದೇ ಅಪ್ಪನ ಕೈ ಹಗ್ಗ ಬಿಡಲಿಲ್ಲ ಎಂದು ಬರೆಯಲು ನನಗೆ ಬಹಳ ಆಸೆ. ಓದುವವರಿಗೂ ಗಂಟಲು ಕಟ್ಟುತ್ತಿತ್ತು. ಆದರೆ ದೊಡ್ಡಪ್ಪ ಆಗಲೇ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ತನಕ "ನಮ್ಮ ಹುಡ್ಗಿ ಗೋಪುರ ಹತ್ತಿ ದೀಪ ಬೀಳಿಸ್ತಾಳೆ" ಎಂದು ಸಾರಿಯಾಗಿತ್ತು. ಅವಳು ಹೋಗದಿದ್ದರೆ ಅವರಿಗೇ ಮುಖ ತೋರಿಸುವುದು ಕಷ್ಟವಿತ್ತು. ಪಾಪ, ಕೈ ಮಾತ್ರ ಬೇರೆ ಪಕ್ಷದಲ್ಲಿತ್ತು.

ಉಪಾಯ ಹೇಳಿದವರೂ ದೊಡ್ಡಮ್ಮನೇ. "ಹಗ್ಗ ಕಟ್ಟಿದ್ರೆ ತಾನೆ ಇಡ್ಕಳಾದು? ಅಂಗೇ ಎತ್ತಾಕಿ. ಆಮೇಲೆ ಪಾತಾಳಗರಡಿ ಬುಟ್ಟು ಎತ್ಕಂಡ್ರಾಯ್ತು."

ಮೂರನೇ ಸಲ ಹಗ್ಗವಿಲ್ಲದೆ ಬಿಟ್ಟೆವು. ಆಗ ದೊಡ್ಡಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ನನ್ನ ಪಕ್ಕ ನಿಂತಿದ್ದರು ಎಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. ಅವರು ಮುನಿಸಿಕೊಂಡು ಹಸುವಿನ ಹತ್ತಿರ ಹೋಗಿದ್ದರು ಅನ್ನುತ್ತಾಳೆ. ಆ ದಿನದ ನನ್ನ ಡೈರಿಯಲ್ಲಿ ಇರುವುದು ಮಾವಿನಕಾಯಿ ಚಿತ್ರಾನ್ನದ ವಿಚಾರ ಮಾತ್ರ. ಚರಿತ್ರೆ ಓದಿದವನ ದಾಖಲೆ ಇದು. ಪೆಟ್ಟಿಗೆ ಎತ್ತಲು ಎಷ್ಟು ಹೊತ್ತು ಬಾವಿ ತಡಕಿದೆವೋ ಅದೂ ಮರೆತಿದೆ. ಕಡೆಗೆ ಕೊಕ್ಕೆಗೆ ಸಿಕ್ಕಿ ಅದು ಮೇಲೆ ಬಂತು. ಅಕ್ಕ ಫೋನು ತೆಗೆದು ನೋಡಿದಳು, ದೊಡ್ಡಮ್ಮನ ಕೈಗೆ ಕೊಟ್ಟಳು. ಎಳೆ ನೆಟ್ಟಗಿತ್ತು, ಹೊಸ ಪೊರಕೆಕಡ್ಡಿಯಂತೆ.

ಅರ್ಜಿ ಹೋಯಿತು, ಗೋಪುರ ಸಿಕ್ಕಿತು, ಅಕ್ಕ ಡಾಕ್ಟರಾದಳು. ಅಷ್ಟರಲ್ಲಿ ಎಲ್‌ಇಡಿ ಬಂದು ಆ ಜಾತಿಯ ದೀಪವನ್ನೇ ಮೂಲೆಗೆ ತಳ್ಳಿತು. ಅವಳಿಗೆ ಬೇಜಾರಿದ್ದಂತೆ ಕಾಣೆ. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹೋಟೆಲಿನ ಫೋಟೋ ನೆಪದಲ್ಲಿ ಫೋನು ಮಾಡಿದಾಗ, ಗೋಪುರದ ಚಿತ್ರಗಳಿಗಿಂತ ಮೊದಲು ನಮ್ಮ ಬಾವಿಯ ಕೆಟ್ಟ ವಿಡಿಯೋ ಎರಡನ್ನೂ ಮಕ್ಕಳಿಗೆ ತೋರಿಸುತ್ತೇನೆ ಅಂದಳು. "ಎಳೆ ಇಷ್ಟು ಬಗ್ಗಿದೆಯಲ್ಲ, ಇದು ನಮ್ಮಪ್ಪನ ಕೈ ಅಂತ ಹೇಳ್ತೀನಿ ಕಣೋ."

ಆ ವಿಡಿಯೋ ಕೇಳಿ ತರಿಸಿಕೊಂಡು ಭಾನುವಾರ ಬೂಕನಕೆರೆಗೆ ಹೋದೆ. ದೊಡ್ಡಪ್ಪ ಇಷ್ಟು ವರ್ಷವೂ "ನಾನು ಇಡ್ಕಂಡಿರ್ನಿಲ್ಲ" ಎಂಬ ಮಾತಿನಿಂದ ಅಲ್ಲಾಡಿದವರಲ್ಲ. ಗೆದ್ದೆ ಎಂಬ ಹುರುಪಿನಲ್ಲೇ ಜಗಲಿಯ ಮೇಲೆ ಕೂತು ತೋರಿಸಿದೆ. ಬಾಗಿದ ಬೆಳಕನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಇದು ನಂದೇನ್ಲಾ?"

"ನಿಮ್ದೇ ದೊಡ್ಡಪ್ಪ."

"ಇನ್ನೊಂದ್ಸಲ ಹಾಕ್ಲಾ."

ಹಾಕಿದೆ. ಪೆಟ್ಟಿಗೆ ಬಿಟ್ಟ ಸದ್ದು ಫೋನಿನಲ್ಲಿ ಕೇಳಿತು. ಈ ಸಲ ನಾನು ದೀಪ ನೋಡಲಿಲ್ಲ. ಮೊಣಕಾಲ ಮೇಲಿದ್ದ ಅವರ ಬಲಗೈ ಬೆರಳುಗಳು, ಅವರಿಗೆ ಗೊತ್ತಾಗದಂತೆ, ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು.