ಬಾನೆಟ್‌ಗೆ ಹಚ್ಚಿದ ಎಣ್ಣೆ

ಹೊಳೆಯುವ ಕಪ್ಪು ಬಣ್ಣ ಬಳಿದ ಕಾರು ತನ್ನ ಮೈಮೇಲಿನ ಪ್ರತಿಯೊಂದು ತಗ್ಗನ್ನೂ ಎತ್ತಿ ತೋರಿಸುತ್ತದೆ. ನಮ್ಮ ಕಾರಿನಲ್ಲಿ ತಗ್ಗುಗಳಿಗೆ ಕೊರತೆ ಇರಲಿಲ್ಲ. ಡಾಕ್ಟರೊಬ್ಬರು ವರ್ಷಗಟ್ಟಲೆ ಓಡಿಸಿ ಕೈಬಿಟ್ಟಿದ್ದ ಆ ಬೂದು ಬಣ್ಣದ ಗಾಡಿಯನ್ನು ಅಪ್ಪ ಮಣ್ಣಗುಡ್ಡದ ನಮ್ಮ ಮನೆಯ ಅಂಗಳಕ್ಕೆ ತಂದಾಗ ಬಾಗಿಲುಗಳ ಕೆಳಭಾಗವನ್ನು ಕಡಲ ಗಾಳಿ ತಿಂದು ಮುಗಿಸಿತ್ತು. ತಗಡು ಬೆಸೆಸಿ, ಪುಟ್ಟಿ ತುಂಬಿ, ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿದ ಮೇಲೂ ಕೈಯಾಡಿಸಿದರೆ ಏರುತಗ್ಗು ತಿಳಿಯುತ್ತಿತ್ತು. ಅದಕ್ಕೇ ಅಪ್ಪ ಪೂರ್ತಿ ಹೊಳೆಯದ, ಪೂರ್ತಿ ಮಂಕೂ ಆಗದ ಒಂದು ಕಪ್ಪನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಸ್ಯಾಟಿನ್ ಬಟ್ಟೆಯ ಹಾಗೆ ಮೆತ್ತಗೆ ಕಾಣುವ ಕಪ್ಪು. ಅಂಥದ್ದು ನಮ್ಮ ಊರಿನ ಬಣ್ಣದ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಶಾಲೆಯ ಕರಿಹಲಗೆಗೆ ಬಳಿಯುವ ಅಗ್ಗದ ಬಣ್ಣಕ್ಕೆ ಸಾಮಾನ್ಯ ಕಪ್ಪು ಎನಾಮೆಲ್ ಬೆರೆಸಿದರೆ ಹೇಗೆ ಎಂದು ಯೋಚಿಸಿದವರು ಅಪ್ಪ. ಎಷ್ಟಕ್ಕೆ ಎಷ್ಟು ಬೆರೆಸಬೇಕು ಎಂದು ಕಂಡುಹಿಡಿದವಳು ನಾನು.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಯಾರೂ ಹೇಳಲಿಲ್ಲ.

ಆಗ ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಹೊಳೆ ದಾಟಿ ಗುಡ್ಡದ ಮೇಲಿನ ವಿಶ್ವವಿದ್ಯಾನಿಲಯಕ್ಕೆ ಹೋದರೆ ಸಂಜೆ ಮರಳುತ್ತಿದ್ದೆ. ಬಿಸ್ಕತ್ತಿನ ಡಬ್ಬಿಗಳ ಮುಚ್ಚಳಗಳಿಗೆ ಬೇರೆಬೇರೆ ಪ್ರಮಾಣದ ಬೆರಕೆ ಹಚ್ಚಿ ಆವರಣದ ಗೋಡೆಯ ಮೇಲೆ ಸಾಲಾಗಿ ಒಣಗಲು ಇಡುತ್ತಿದ್ದೆ. ಎನಾಮೆಲ್ ಹೆಚ್ಚಾದರೆ ಮುಚ್ಚಳದಲ್ಲಿ ನನ್ನ ಮುಖ ಕಾಣುತ್ತಿತ್ತು. ಹಲಗೆಯ ಬಣ್ಣ ಹೆಚ್ಚಾದರೆ ಬೆರಳಿಗೆ ಮಸಿ ಬರುತ್ತಿತ್ತು. ಹಲಗೆಯ ಬಣ್ಣ ಎರಡು ಪಾಲು, ಎನಾಮೆಲ್ ಒಂದು ಪಾಲು, ತೆಳುವಾಗಿಸಲು ಟರ್ಪೆಂಟೈನ್ ಎಂಬಲ್ಲಿಗೆ ನಿಂತೆ. ಅಪ್ಪ ಆ ಮುಚ್ಚಳವನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರು. "ಸರಿ ಉಂಟು" ಅಂದರು.

ಅವರು ನನಗೆ ಯಾವಾಗಲೂ ಹೇಳುತ್ತಿದ್ದುದು ಅಷ್ಟೇ. ಅಂಕಪಟ್ಟಿಗೂ ಸರಿ ಉಂಟು, ನಾನು ಮಾಡಿದ ಸಾರಿಗೂ ಸರಿ ಉಂಟು. ನನಗೆ ಅದು ಸಾಕು ಎಂದು ನಾನು ಬಹಳ ಕಾಲ ನಂಬಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಅಪ್ಪ ಇದೇ ಅಂಗಳದಲ್ಲಿ ಒಂದು ಹಳೆಯ ಸ್ಕೂಟರಿಗೆ ಬಣ್ಣ ಹೊಡೆದಿದ್ದರು. ಸೊಳ್ಳೆಗೆ ಔಷಧ ಹೊಡೆಯುವ ಕೈಪಂಪಿನಿಂದ. ಅಮ್ಮನ ಹಳೆಯ ವಾಯ್ಲ್ ಸೀರೆಯ ತುಂಡಿನಲ್ಲಿ ಬಣ್ಣ ಸೋಸಿ ಕೊಡುವುದು, ಧೂಳು ಏಳದ ಹಾಗೆ ನೆಲಕ್ಕೆ ನೀರು ಚಿಮುಕಿಸುವುದು ನನ್ನ ಕೆಲಸ. ಆ ದಿನ ಕೈ ತೊಳೆಯುತ್ತಾ ಅಪ್ಪ ಹೇಳಿದ್ದರು: "ಮುಂದಿನ ಗಾಡಿ ಬರ್ಲಿ, ಅದರ ಮುಖ ನೀನೇ ಹೊಡಿ." ನಾನು ಆ ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಕಾರು ಗೇಟಿನೊಳಗೆ ಬಂದ ದಿನ ನಾನು ಮೊದಲು ನೋಡಿದ್ದು ಅದರ ಬಾನೆಟ್ಟನ್ನು.

ಅವಳು ಬಂದದ್ದು ಪುಟ್ಟಿ ಉಜ್ಜುವ ಕೆಲಸ ಮುಗಿದ ಮೇಲೆ. ಅವಳು ಅಂದರೆ ಅಪ್ಪನ ಅಕ್ಕನ ಮಗಳು, ನನಗಿಂತ ಚಿಕ್ಕವಳು. ಬೋಳಾರದಲ್ಲಿ ತಾಯಿಯ ಜೊತೆ ಇದ್ದಳು, ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು, ಶನಿವಾರ ಬಂದರೆ ಸೋಮವಾರದವರೆಗೆ ನಮ್ಮಲ್ಲೇ. ಬಂದ ಗಳಿಗೆಯಲ್ಲೇ ಸೀರೆ ಬದಲಾಯಿಸಿ, ಹಳೆಯ ಲಂಗದ ಮೇಲೆ ಅಪ್ಪನ ಅಂಗಿ ತೊಟ್ಟು ಅಂಗಳಕ್ಕೆ ಇಳಿದಳು. ಆ ಅಂಗಿ ತೊಡಬಹುದೆಂದು ನನಗೆ ಎಂದೂ ಹೊಳೆದಿರಲಿಲ್ಲ.

"ಎಂತ ಮಾಮ, ಕಾರಿಗೆ ಬೋರ್ಡಿನ ಪೇಂಟ್? ನಾಳೆ ಯಾರಾದ್ರೂ ಚಾಕ್ ತಂದು ಲೆಕ್ಕ ಬರೀತಾರೆ."

"ಬರೀಲಿ. ಹಾಗಾದ್ರೂ ನಿನಗೆ ಲೆಕ್ಕ ಬರ್ತದಾ ನೋಡುವ."

"ಬರುದಿಲ್ಲ. ಈ ಅಕ್ಕನೇ ಎಲ್ಲ ಲೆಕ್ಕ ಕಲಿತು ಮುಗಿಸಿದ್ದಾಳೆ, ನನಗೆ ಎಂತ ಉಳಿದುಂಟು?"

ಅಪ್ಪ ನಕ್ಕರು. ಹೊಟ್ಟೆಯಿಂದ ಬರುವ ನಗು, ಕೊನೆಗೆ ಕೆಮ್ಮಾಗಿ ಮುಗಿಯುವಂಥದ್ದು. ನಾನು ಬಣ್ಣ ಸೋಸುತ್ತಿದ್ದೆ. ಅವಳ ಮಾತಿನಲ್ಲಿ ಕುಹಕ ಇರಲಿಲ್ಲ, ಅದು ನನಗೆ ಗೊತ್ತು. ಇದ್ದಿದ್ದರೆ ಸುಲಭವಾಗುತ್ತಿತ್ತು.

ನಮ್ಮವರಲ್ಲಿ ಕುಟುಂಬ ತಾಯಿಯ ಕಡೆಯಿಂದ ಹರಿಯುತ್ತದೆ. ನಾನು ಅಮ್ಮನ ಕುಟುಂಬದವಳು. ಅವಳು ಅವಳ ತಾಯಿಯ ಕುಟುಂಬದವಳು, ಅಂದರೆ ನನ್ನ ಅಪ್ಪನ ಕುಟುಂಬದವಳು. ವರ್ಷಕ್ಕೊಮ್ಮೆ ಅಪ್ಪನ ಮೂಲಮನೆಯಲ್ಲಿ ದೈವಕ್ಕೆ ಸೇವೆ ನಡೆಯುವಾಗ ಕುಟುಂಬದವರನ್ನು ಎದುರಿಗೆ ಕರೆಯುತ್ತಾರೆ. ಅಪ್ಪ ಹೋಗಿ ನಿಲ್ಲುತ್ತಾರೆ, ಅವರ ಪಕ್ಕದಲ್ಲಿ ಅವಳು. ನಾನೂ ಅಮ್ಮನೂ ಚಪ್ಪರದ ಈಚೆ, ಬಂದ ನೆಂಟರ ಜೊತೆ. ಆಮೇಲೆ ನಮಗೂ ಗಂಧ ಸಿಗುತ್ತದೆ, ಊಟಕ್ಕೂ ಒಳ್ಳೆಯ ಜಾಗ ಕೊಡುತ್ತಾರೆ. ಅಪ್ಪ ಅವಳನ್ನು "ಮಗಾ" ಎಂದು ಕರೆಯುತ್ತಿದ್ದರು. ನನ್ನನ್ನು ಹೆಸರಿನಿಂದ, ಪೂರ್ತಿ ಹೆಸರಿನಿಂದ, ಹಾಜರಿ ಕರೆದ ಹಾಗೆ.

ಈ ಬಾರಿ ಕೈಪಂಪು ಇರಲಿಲ್ಲ. ಪಕ್ಕದ ಮನೆಯವರಿಗೆ ಗಲ್ಫಿನಿಂದ ಬಂದ ವ್ಯಾಕ್ಯೂಮ್ ಕ್ಲೀನರ್ ಇತ್ತು. ಅದರ ಗಾಳಿ ಹೊರಬರುವ ಬಾಯಿಗೆ ಕೊಳವೆ ಸಿಕ್ಕಿಸಿ, ಕೊಳವೆಯ ತುದಿಗೆ ಬಣ್ಣದ ಸಣ್ಣ ಜಾಡಿ ತಿರುಗಿಸಿ ಕೂರಿಸಿದರೆ ಬಣ್ಣ ಮಂಜಿನಂತೆ ಹಾರುತ್ತಿತ್ತು. ಮೂತಿಯ ಮೇಲೊಂದು ತೂತು. ಹೆಬ್ಬೆರಳಿನಿಂದ ಅದನ್ನು ಮುಚ್ಚಿದರೆ ಬಣ್ಣ ಬರುತ್ತದೆ, ತೆಗೆದರೆ ನಿಲ್ಲುತ್ತದೆ. ಇಬ್ಬನಿ ಆರಿದ ಮೇಲೆ ಶುರುಮಾಡಿ ಕಡಲ ಗಾಳಿ ಏಳುವ ಮೊದಲು ಮುಗಿಸಬೇಕು. ಗಾಜುಗಳಿಗೆ ಮೈದಾ ಅಂಟಿನಲ್ಲಿ ಹಳೆಯ ಪೇಪರ್ ಅಂಟಿಸಿದ್ದೆವು.

ಅಪ್ಪ ಕಾರಿನ ಚಾವಣಿಯನ್ನು ತಾವೇ ಹೊಡೆದು, ಬಾಗಿಲುಗಳನ್ನು ನನಗೆ ಕೊಟ್ಟರು. ನಾನು ಹೊಡೆದೆ. ತಗಡಿನಿಂದ ಒಂದು ಗೇಣು ದೂರ, ಒಂದೇ ವೇಗ, ಒಂದು ಪಟ್ಟೆಯ ಅರ್ಧದ ಮೇಲೆ ಇನ್ನೊಂದು. ಎಲ್ಲ ಸರಿಯಾಗಿಯೇ ಇತ್ತು, ಆದರೆ ಪ್ರತಿ ಪಟ್ಟೆಯ ಕೊನೆಯಲ್ಲಿ ನಾನು ಒಂದು ಕ್ಷಣ ನಿಂತು ನೋಡುತ್ತಿದ್ದೆ. ಹಿಡಿಕೆಯ ಹತ್ತಿರ ಹಾಗೆ ನಿಂತದ್ದು ಸ್ವಲ್ಪ ಹೆಚ್ಚಾಯಿತು, ಬಣ್ಣ ಹನಿಗಟ್ಟಿ ಕೆಳಗಿಳಿಯಿತು. ಅಪ್ಪ ಬಟ್ಟೆಯಿಂದ ಒರೆಸಿದರು.

"ಯೋಚನೆ ಮಾಡ್ಲಿಕ್ಕೆ ಹೋಗ್ಬೇಡ. ಕೈ ಹೋಗ್ತಾ ಇರ್ಲಿ."

"ನಾನು ಒಮ್ಮೆ ನೋಡ್ಲಾ ಮಾಮ?" ಎಂದು ಅವಳು ಕೊಳವೆ ತೆಗೆದುಕೊಂಡಳು. ಹಿಂದಿನ ಮಡ್‌ಗಾರ್ಡಿನ ಮೇಲೆ, ಮಾತಾಡುತ್ತಾ, ಅಪ್ಪನ ಕಡೆ ನೋಡುತ್ತಾ, ಅಂಗಳ ಗುಡಿಸಿದಷ್ಟು ಸಲೀಸಾಗಿ ಹೊಡೆದಳು. ಬಣ್ಣ ಎಲ್ಲೂ ಇಳಿಯಲಿಲ್ಲ.

"ನೋಡು" ಎಂದು ಅಪ್ಪ ನನಗೆ ಹೇಳಿದರು. ನಾನು ನೋಡುತ್ತಲೇ ಇದ್ದೆ. "ಇವಳ ಕೈಗೆ ಹೆದರಿಕೆ ಎಂಬುದು ಇಲ್ಲ. ಬಾನೆಟ್ ಇವಳೇ ಹೊಡೀಲಿ."

ಸ್ಕೂಟರಿನ ದಿನದ ಮಾತನ್ನು ನೆನಪಿಸಬಹುದಿತ್ತು. ನೆನಪಿಸಿದ ಮೇಲೆ ಸಿಗುವುದು ನನಗೆ ಬೇಕಿರಲಿಲ್ಲ. ಟರ್ಪೆಂಟೈನ್ ತರುವ ನೆಪ ಮಾಡಿ ಅಡಿಗೆಮನೆಗೆ ಹೋದೆ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದರು. ನನ್ನ ಮುಖ ನೋಡಿದರು.

"ಅವಳು ಅವರ ಕುಟುಂಬದ ಹುಡುಗಿ. ನೀನು ನನ್ನದು. ಅದಕ್ಕೆಲ್ಲ ಮುಖ ಉಬ್ಬಿಸ್ತಾರಾ?"

"ನಾನು ಎಂತ ಹೇಳಿದೆ?"

"ನೀನು ಎಂತ ಹೇಳಿದ್ದುಂಟು ಇಷ್ಟರವರೆಗೆ?" ಎಂದು ಅಮ್ಮ ಮತ್ತೆ ತುರಿಯತೊಡಗಿದರು.

ನಾನು ಹೊರಗೆ ಬರುವಾಗ ಬಾನೆಟ್ ಮುಗಿದಿತ್ತು. ಚೆನ್ನಾಗಿತ್ತು. ನನ್ನ ಬಾಗಿಲುಗಳಿಗಿಂತ ಚೆನ್ನಾಗಿತ್ತು ಎಂಬುದಕ್ಕೆ ಬೆಳಕೇ ಸಾಕ್ಷಿ; ಅದು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಎಲ್ಲೂ ತಡೆಯದೆ ಜಾರುತ್ತಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಅವಳ ಉಗುರುಗಳಲ್ಲಿ ಕಪ್ಪು ಉಳಿದಿತ್ತು. ನನ್ನ ಕೈಯನ್ನು ನಾನು ಸ್ವಚ್ಛವಾಗಿ ತೊಳೆದುಕೊಂಡಿದ್ದೆ. ಯಾಕೆ ತೊಳೆದೆ ಎನಿಸಿತು.

ಬಣ್ಣ ಗಟ್ಟಿಯಾಗಲು ನಮ್ಮ ಊರಿನ ತೇವದ ಹವೆಯಲ್ಲಿ ವಾರ ಬೇಕು. ಅಲ್ಲಿಯವರೆಗೆ ಮುಟ್ಟಬಾರದು ಎಂದು ಅಪ್ಪ ಎಲ್ಲರಿಗೂ ಹೇಳಿದ್ದರು. ಆದರೆ ಶುಕ್ರವಾರ ಮಂಗಳಾದೇವಿ ದೇವಸ್ಥಾನಕ್ಕೆ ಕಾರು ಒಯ್ದು ಪೂಜೆ ಮಾಡಿಸಬೇಕೆಂದು ಮಾಮಿ, ಅಂದರೆ ಅವಳ ತಾಯಿ, ಹಠ ಹಿಡಿದರು. ಕಪ್ಪು ಬಣ್ಣವೇ ಅವರಿಗೆ ಸರಿ ಬಂದಿರಲಿಲ್ಲ. "ಕಪ್ಪಾ? ಇದರಲ್ಲಿ ಮದುವೆಗೆ ಹೋಗ್ಲಿಕ್ಕುಂಟಾ, ಸತ್ತವರ ಬೊಜ್ಜಕ್ಕಾ?" ಎಂದು ಕೇಳಿದ್ದರು. ಕೊನೆಗೆ ನಿಧಾನಕ್ಕೆ ಓಡಿಸಿಕೊಂಡು ಹೋಗುವುದೆಂದಾಯಿತು.

ಗುರುವಾರ ಸಂಜೆ ನಾನು ಬಸ್ಸಿಳಿದು ಮನೆಗೆ ಬಂದಾಗ, ಪೂಜೆಗೆಂದು ಹಿಂದಿನ ದಿನವೇ ಬಂದಿದ್ದ ಅವಳು ಬಾನೆಟ್ ಪಕ್ಕ ಬೆವರಿಕೊಂಡು ನಿಂತಿದ್ದಳು. ಒಂದು ಕೈಯಲ್ಲಿ ತೆಂಗಿನೆಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಬನಿಯನ್ ತುಂಡು. ಬೋಳಾರದ ಅವರ ಮನೆಯಲ್ಲಿ ಕಪ್ಪಾದದ್ದಕ್ಕೆಲ್ಲ ಎಣ್ಣೆ ಬೀಳುತ್ತಿತ್ತು: ಚಾವಡಿಯ ಕಪ್ಪು ನೆಲ, ದೋಸೆಕಲ್ಲು, ಬೀಟಿಮರದ ಪೆಟ್ಟಿಗೆ, ತಾಯಿ ಮಗಳ ಕೂದಲು. ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ಆ ನೆಲದಲ್ಲಿ ಅವಳು ಮುಖ ನೋಡಿಕೊಳ್ಳುವಷ್ಟು ಹೊಳಪು ತರುತ್ತಿದ್ದಳು. ದೇವಿಯ ಎದುರಿಗೆ ಹೋಗುವ ಕಾರು ಮಂಕಾಗಿರಬಾರದೆಂದು, ಮಾಮನಿಗೆ ಗೊತ್ತಾಗದ ಹಾಗೆ, ಅದನ್ನೇ ಇಲ್ಲೂ ಮಾಡಿದ್ದಳು. ಇನ್ನೂ ಹಸಿಯಾಗಿದ್ದ ಬಣ್ಣ ನಡುವಿನಲ್ಲಿ ಒದ್ದೆ ಎಮ್ಮೆಯ ಬೆನ್ನಿನ ಹಾಗೆ ಮಿನುಗುತ್ತಿತ್ತು. ಬನಿಯನ್ನಿನ ನೂಲು ಅಲ್ಲಲ್ಲಿ ಅಂಟಿಕೊಂಡಿತ್ತು. ಆ ಹೊಳಪಿನಲ್ಲಿ ಕೆಳಗಿನ ಪುಟ್ಟಿಯ ಏರುತಗ್ಗುಗಳೆಲ್ಲ ಎದ್ದು ಕಾಣುತ್ತಿದ್ದವು.

"ಅಕ್ಕ, ನೋಡು, ಹೇಗೆ ಬಂತು" ಎಂದಳು. ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಎಂತ, ಹಾಳಾಯ್ತಾ?"

ಒಳಗೊಂದು ತಣ್ಣನೆಯ ಸಂತೋಷ ನನಗಾಯಿತು. ಇನ್ನು ಅಪ್ಪ ಬರುತ್ತಾರೆ, ನೋಡುತ್ತಾರೆ, ಹೆದರಿಕೆಯಿಲ್ಲದ ಕೈ ಏನು ಮಾಡುತ್ತದೆಂದು ತಿಳಿಯುತ್ತದೆ. ನಾನು ಪುಸ್ತಕಗಳನ್ನು ಎದೆಗೆ ಹಿಡಿದುಕೊಂಡು ಅಲ್ಲೇ ಕಾದೆ.

ಅಪ್ಪ ಬಂದರು. ಬ್ಯಾಂಕಿಗೆ ಕೆಲಸಕ್ಕೆ ಒಯ್ಯುತ್ತಿದ್ದ ಚೀಲ ಕೆಳಗಿಟ್ಟು ಬಾನೆಟ್ಟನ್ನು ನೋಡಿದರು, ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು.

"ಎಣ್ಣೆ ಹಾಕಿದೆಯಾ?"

"ಹ್ಞೂಂ."

"ಎಣ್ಣೆ ಹಾಕಿ ತಲೆ ಬಾಚಿದೆಯಾ ಇದಕ್ಕೆ? ಹೂ ಮುಡಿಸ್ಲಿಲ್ಲವಾ ಮಾರಾಯ್ತಿ?"

ಹಾಗೆಂದವರು ನಗತೊಡಗಿದರು. ಮೆಟ್ಟಿಲ ಮೇಲೆ ಕೂತು, ಕಣ್ಣು ಒರೆಸಿಕೊಂಡು, ಕೆಮ್ಮುವವರೆಗೂ ನಕ್ಕರು. ಅಳುವ ಹಾಗಿದ್ದ ಅವಳೂ ನಕ್ಕಳು. ಅಮ್ಮ ಬಾಗಿಲಿಗೆ ಬಂದು ನಕ್ಕರು. ನಾನು ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಏನನ್ನೂ ಕೆಡಿಸದೆ ಬೆಳೆದಿದ್ದೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅಪ್ಪ ನನ್ನಿಂದಾಗಿ ಹೀಗೆ ನಕ್ಕದ್ದಿಲ್ಲ.

"ಇರ್ಲಿ, ನಾಳೆ ಹೀಗೇ ಹೋಗುವ" ಎಂದರು ಅಪ್ಪ. "ಆಮೇಲೆ ಇನ್ನೊಮ್ಮೆ ಹೊಡೆದರಾಯ್ತು. ಮಗಾ, ಈ ಸಲ ಎಣ್ಣೆ ಬಚ್ಚಿಟ್ಟು ಹೊಡಿ."

"ಬಾನೆಟ್ ನನಗೆ ಬೇಕು" ಎಂದೆ.

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಅಪ್ಪ ತಿರುಗಿ ನೋಡಿದರು.

"ನಿನಗೆ ಬೇಕಿತ್ತಾ? ಹೇಳ್ಬೇಕಲ್ಲ. ಕೆಳಗೆ ತಲೆ ಹಾಕಿಕೊಂಡು ಬಣ್ಣ ಸೋಸ್ತಾ ಇದ್ದರೆ ನನಗೆ ಹೇಗೆ ಗೊತ್ತಾಗ್ಬೇಕು?"

"ಸ್ಕೂಟರಿನ ಸಮಯದಲ್ಲೇ ನೀವು ಕೊಟ್ಟದ್ದು."

"ನಾನಾ?" ಅವರು ನಿಜವಾಗಿಯೂ ಯೋಚಿಸಿದರು. ನೆನಪು ಬರಲಿಲ್ಲ. "ಸರಿ. ಹೊಡಿ."

ಪೂಜೆ ಮುಗಿದು ವಾರ ಕಳೆದ ಮೇಲೆ ನಾನು ಆ ಬಾನೆಟ್ಟಿನ ಕೆಲಸಕ್ಕೆ ಇಳಿದೆ. ಎಣ್ಣೆಯ ಅಂಶ ಒಂದಿಷ್ಟು ಉಳಿದರೂ ಹೊಸ ಬಣ್ಣ ಅಲ್ಲಿ ಕೂರುವುದಿಲ್ಲ, ಮೀನಿನ ಕಣ್ಣಿನಂಥ ಗುಂಡು ತೂತುಗಳಾಗಿ ಬಾಯಿ ಬಿಡುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿದೆ, ಸೋಪಿನ ನೀರಿನಲ್ಲಿ ತೊಳೆದೆ, ವಾಟರ್ ಪೇಪರಿನಲ್ಲಿ ಉಜ್ಜಿದೆ, ಮತ್ತೆ ತೊಳೆದೆ. ದೇವಸ್ಥಾನದಲ್ಲಿ ಇಟ್ಟ ಕುಂಕುಮದ ಬೊಟ್ಟೂ ಹೋಯಿತು. ಅವಳು ಕೊಳವೆ ತೊಡಕಾಗದಂತೆ ಹಿಂದಿನಿಂದ ಎತ್ತಿ ಹಿಡಿದುಕೊಂಡಳು.

"ಅಕ್ಕ, ಮಾತಾಡ್ತಾ ಹೊಡಿ. ಆಗ ಕೈ ನಿಲ್ಲುದಿಲ್ಲ."

"ಎಂತ ಮಾತಾಡುದು?"

"ಎಂತದಾದ್ರೂ. ನನಗೆ ಬೈಯಿ."

ನಾನು ಬೈಯಲಿಲ್ಲ. ಆದರೆ ಬೈಯಬಹುದಾದದ್ದನ್ನೆಲ್ಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಹೊಡೆದೆ. ಅಂಗಿಯಿಂದ ಶುರುಮಾಡಿ, ಚಪ್ಪರದ ಆಚೆ ನಿಲ್ಲುವುದರವರೆಗೆ. ಬಾನೆಟ್ ಮುಗಿದರೂ ಹೇಳುವುದು ಉಳಿದಿತ್ತು. ಕೈ ಎಲ್ಲೂ ನಿಂತಿರಲಿಲ್ಲ.

ಅಪ್ಪ ಬಗ್ಗಿ, ಬೆಳಕಿಗೆ ಓರೆಯಾಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಹುಡುಕಿ ನೋಡಿದರು. "ಸರಿ ಉಂಟು" ಅಂದರು.

ಈಗ ಆ ಕಾರಿನಲ್ಲೇ ಅಪ್ಪ ನನ್ನನ್ನು ಕೊಡಿಯಾಲ್‌ಬೈಲಿಗೆ, ನಾನು ಪಾಠ ಮಾಡುವ ಕಾಲೇಜಿಗೆ, ಕೆಲವು ದಿನ ಬಿಡುತ್ತಾರೆ. ಬಣ್ಣ ಇನ್ನೂ ಹಾಗೇ ಇದೆ. ನನ್ನ ಸಹೋದ್ಯೋಗಿಗಳು ಗೇಟಿನಲ್ಲಿ ಸಿಕ್ಕರೆ, ಇದೆಂಥ ಬಣ್ಣ, ಎಲ್ಲಿ ಹೊಡೆಸಿದ್ದು ಎಂದು ಕೇಳುತ್ತಾರೆ. ಅಪ್ಪ ಇಂಜಿನ್ ಆಫ್ ಮಾಡಿ ಕೆಳಗಿಳಿಯುತ್ತಾರೆ.

"ಮನೆಯಲ್ಲೇ ಹೊಡೆದದ್ದು. ಅದರದ್ದೊಂದು ಕಥೆ ಉಂಟು. ನನ್ನ ಅಕ್ಕನ ಮಗಳು, ಅವಳು ಎಂತ ಮಾಡಿದಳು ಗೊತ್ತುಂಟಾ? ನೋಡಿ, ಸರಿಯಾಗಿ ಇಲ್ಲಿ."

ಅವರ ಅಂಗೈ ನಾನು ಹೊಡೆದ ಬಣ್ಣದ ಮೇಲೆ ದೊಡ್ಡ ವೃತ್ತ ಸುತ್ತುತ್ತದೆ. ಕೇಳುವವರು ಬಗ್ಗಿ, ಏನೂ ಇಲ್ಲದ ಆ ಜಾಗವನ್ನೇ ನೋಡುತ್ತಾರೆ, ಎಣ್ಣೆ ಕಂಡವರ ಹಾಗೆ ನಗುತ್ತಾರೆ. ನಾನು ಬ್ಯಾಗ್ ತೆಗೆದುಕೊಂಡು ತರಗತಿಗೆ ಹೋಗುತ್ತೇನೆ. ಮೆಟ್ಟಿಲ ಬಳಿ ಬರುವಷ್ಟರಲ್ಲಿ ಅಪ್ಪನ ನಗು ಕೆಮ್ಮಿಗೆ ತಿರುಗುವುದು ಕೇಳಿಸುತ್ತದೆ.