ಅಪ್ಪನ ಅಂಬಾಸಿಡರಿಗೆ ಹೊಸ ತಗಡು

ನಮ್ಮಪ್ಪ ತನ್ನ ಅಂಬಾಸಿಡರಿನ್ಯಾಗ ನನ್ನೊಬ್ಬಾಕಿನ್ನ ಬಿಟ್ಟು ನಾಲವಾರದ ಅರ್ಧ ಊರಿಗೆ ಡ್ರೈವಿಂಗ್ ಕಲಿಸ್ಯಾನ. ತಮ್ಮಗ ಕಲಿಸಿದ, ಓಣಿ ಹುಡುಗರಿಗೆ ಕಲಿಸಿದ, ಕಿರಾಣಿ ಅಂಗಡಿಯವಗೂ ಕಲಿಸಿದ. ಆ ಅಂಗಡಿಯವ ಕಲಿಯೋ ಭರದಾಗ ಸೀದಾ ಹೋಗಿ ಮೇವಿನ ಬಣವಿಗೆ ಗುದ್ದಿದ. ಆದ್ರೂ ಮರುದಿನ ಅಪ್ಪನೇ ಅವನ್ನ ಕರಕೊಂಡು ಹೋದ. ನಾ ಕೇಳಿದ್ರ ಮಾತ್ರ "ಮುಂದ ನೋಡೋಣಂತ" ಅಂತಿದ್ದ. ಆ 'ಮುಂದ' ಬರೋದ್ರಾಗ ನನ್ನ ಮದಿವಿ ಆಗಿ, ಮಕ್ಕಳು ದೊಡ್ಡವರಾಗಿ, ನನ್ನ ತಲಿ ಬೆಳ್ಳಗಾಗಿತ್ತು.

ಅಪ್ಪ ವಾಡಿ ಟೇಸನ್ ಮುಂದ ಟ್ಯಾಕ್ಸಿ ಹಚ್ಚತಿದ್ದ. ರೈಲಿನಿಂದ ಇಳದವರನ್ನ ಚಿತ್ತಾಪುರಕ್ಕ, ಸೇಡಂಗ, ಒಮ್ಮೊಮ್ಮೆ ಚಿಂಚೋಳಿ ಗುಡ್ಡದ ತನಕಾ ಮುಟ್ಟಸತಿದ್ದ. ಕಣ್ಣು ಮಂಜಾಗಿ, ಡಾಕ್ಟರು ಇನ್ನ ಸ್ಟೇರಿಂಗ್ ಬಿಡ್ರಿ ಅಂದ ಮ್ಯಾಲ ಗಾಡಿ ತಂದು ಮನಿ ಮುಂದಿನ ಬೇವಿನ ಗಿಡದ ಕೆಳಗ ನಿಲ್ಲಿಸಿದ. ಅಷ್ಟೇ ಆಗಿದ್ರ ನಾ ಸುಮ್ನಿರತಿದ್ದೆ. ತಾನೂ ಬ್ಯಾರೆಯವರ ಗಾಡಿ ಹತ್ತೋದು ಬಿಟ್ಟುಬಿಟ್ಟ. ತಮ್ಮನ ಕಾರಿಗೂ ಒಲ್ಲೆ, ಬಸ್ಸಿಗೂ ಒಲ್ಲೆ, ಆಟೋದ ಹೆಸರೇ ಎತ್ತಬ್ಯಾಡ್ರಿ. ಇನ್ನೊಬ್ಬರು ನಡಸೋದು ನೋಡಿದ್ರ ಇವನ ಕಾಲು ತಾನೇ ಬ್ರೇಕ್ ಒತ್ತತದಂತ. ಶಹಾಬಾದಿಗೆ ನಮ್ಮ ಮನಿಗೆ ಬರಬೇಕಾದ್ರ ರೈಲು, ಟೇಸನ್ನಿನಿಂದ ಸುಡೋ ಬಿಸಿಲಾಗ ನಡಿಗಿ. ರೈಲಿನ ಡ್ರೈವರ್ ಕಣ್ಣಿಗೆ ಕಾಣಲ್ಲ, ಅದಕ್ಕ ಚಿಂತಿಲ್ಲ ಅಂತಿದ್ದ. ಇಂಥಾ ಮನಷಾಗ ಏನಂತೀರಿ?

ನನಗೂ ಹಟ ಬಂತು. ಐವತ್ತು ದಾಟಿದ ಮ್ಯಾಲ ಕಲಬುರಗಿಗೆ ಹೋಗಿ ಡ್ರೈವಿಂಗ್ ಕಲತೆ. ನಮ್ಮನಿಯವರು, ಹೆಲ್ಮೆಟ್ ಹಾಕ್ಕೊಂಡೇ ನಿನ್ನ ಕಾರಿನ್ಯಾಗ ಕೂಡತೀನಿ ಅಂತ ಚಾಷ್ಟಿ ಮಾಡಿದ್ರು. ಲೈಸೆನ್ಸ್ ಕೈಗೆ ಬಂದ ದಿನ ಅಪ್ಪಗ ಫೋನ್ ಹಚ್ಚಿದೆ. ಛಲೋ ಆಯ್ತು ಬಿಡು ಅಂದ, ಅಂದವನೇ ತೊಗರಿಗೆ ಹುಳ ಬಿದ್ದದ್ದು ಹೇಳಾಕ ಶುರು ಮಾಡಿದ. ನಾ ಬಿಡಲಿಲ್ಲ. ನನ್ನ ಗಾಡಿಯೊಳಗ ಕೂಡತಿಯೇನು ಅಂತ ಸೀದಾ ಕೇಳೇಬಿಟ್ಟೆ. ಯಾವ ಗಾಡಿ ಅಂದ. ನಿನ್ನದೇ, ಬೇವಿನ ಗಿಡದ ಕೆಳಗಿನದು ಅಂದೆ.

ಫೋನಿನ್ಯಾಗ ಅಪ್ಪ ನಕ್ಕದ್ದು ಕೇಳಿಸ್ತು. "ಅದು ಎಲ್ಲಿ ಉಳದದ ಬೇ? ಪೂರಾ ಜಂಗ ಹಿಡದು, ತುಕ್ಕು ತಿಂದು ಹೋಗ್ಯಾದ. ಮೊದಲು ಅದನ್ನ ಗಾಡಿ ಮಾಡು. ನಾಕೂ ಬಾಗಲಾ ಒಂದೊಂದ ಬೆರಳಿಲೆ ಮುಚ್ಚಲಿ. ಆಮ್ಯಾಲ ಕೂಡತೀನಿ."

ಅದು ಆಗಹೋಗೋ ಮಾತಲ್ಲಂತ ಅವನಿಗೆ ಗೊತ್ತಿತ್ತು, ಅದಕ್ಕೇ ಅಷ್ಟು ಧಾರಾಳ ಮಾತು ಕೊಟ್ಟ. ನನಗ ಮಾತ್ರ ಅವತ್ತಿನಿಂದ ಅದೊಂದೇ ಗುಂಗು. ಕಾರಿನ ಮ್ಯಾಲ ನನಗೇನು ಅಂಥಾ ಮೋಹ ಇರಲಿಲ್ಲ, ಖರೇ ಹೇಳ್ತೀನಿ. ನಾ ಸ್ಟೇರಿಂಗ್ ಹಿಡದಾಗ ನಮ್ಮಪ್ಪ ಹೆದರದಂಗ ಕೂಡಬೇಕು, ಅಷ್ಟೇ ನನಗ ಬೇಕಾಗಿತ್ತು.

ನಮ್ಮನಿಯವರದು ಫರಸಿ ಕೆಲಸ. ಶಹಾಬಾದ್ ಕಲ್ಲು ಮನಿಮನಿಗೆ ಹಾಸೋದು. ಕಲ್ಲು ಹೇರೋ ಟ್ರ್ಯಾಕ್ಟರ್ ತಗೊಂಡು ನಾಲವಾರಕ್ಕ ಹೋಗಿ ಗಾಡಿ ಏರಿಸ್ಕೊಂಡು ಬಂದ್ರು. ಅಂಗಳದಾಗ ಇಳಿಸಿ ಒಳಗಿನ ಮ್ಯಾಟು ಎತ್ತಿದ್ರ, ಯವ್ವಾ, ಕೆಳಗ ತಗಡೇ ಇಲ್ಲ, ಫರಸಿ ಅದ! ತಳ ತೂತು ಬಿದ್ದಲ್ಲಿ ಅಪ್ಪ ಪ್ಯಾಸೆಂಜರ್ ಕಾಲು ನೆಲಕ್ಕ ತಾಗಬಾರದಂತ ಕಲ್ಲು ಕಡಿಸಿ ಅಳತಿಗೆ ಸರಿಯಾಗಿ ಹಾಸಿದ್ದ. ನಮ್ಮನಿಯವರು ಕಲ್ಲು ಹೊಳ್ಳಿಸಿ ನೋಡಿ, ಇದು ನಾನೇ ಕೊಟ್ಟ ಕಲ್ಲು, ಅಡಗಿಮನಿ ಕಟ್ಟಿ ಮ್ಯಾಲ ಹಾಸಾಕ ಬೇಕಂತ ಒಯ್ದಿದ್ರು ನಿಮ್ಮಪ್ಪ, ಅಂತ ಹೊಟ್ಟಿ ಹಿಡಕೊಂಡು ನಕ್ಕರು. ನಾನೂ ನಕ್ಕೆ. ಎಷ್ಟು ಮಂದಿ ಆ ಕಲ್ಲಿನ ಮ್ಯಾಲ ಕಾಲಿಟ್ಟು, ಗಾಡಿ ತಂಪದ ನೋಡ್ರಿ ಅಂದಿದ್ದಾರೋ ಏನೋ.

ಟಿಂಕರಿಂಗ್ ಕೆಲಸಕ್ಕ ನಮ್ಮ ಓಣಿ ಚಾಚಾನ್ನ ಕರದ್ವಿ. ತಗಡು ಬಡಿಯೋದ್ರಾಗ ಅವರನ್ನ ಮೀರಿಸೋರಿಲ್ಲ. ಚಾಚಾ ಒಂದು ಸ್ಕ್ರೂಡ್ರೈವರ್ ಹಿಡಕೊಂಡು ಗಾಡಿ ಸುತ್ತ ಬಂದ್ರು. ಎಲ್ಲಿ ಚುಚ್ಚಿದ್ರೂ ಬಿಸ್ಕೀಟಿನಂಗ ಒಳಗ ಹೋಗಾಕತ್ತಿತ್ತು. ಬಾಗಲ ಕೆಳಗ, ಮುಂದಿನ ಗಾಲಿಯಿಂದ ಹಿಂದಿನ ಗಾಲಿ ತನಕಾ ಒಂದು ಉದ್ದನ ಪೊಳ್ಳು ಪಟ್ಟಿ ಇರತದ, ಅದರ ಮ್ಯಾಲ ಬಡದ್ರ ಕಲ್ಲಿನ ಸಪ್ಪಳ. ವಾಡಿ ರಸ್ತಾದಾಗ ಹಾರೋ ಫ್ಯಾಕ್ಟರಿ ಸಿಮೆಂಟ್ ಧೂಳು ವರ್ಷಾನುಗಟ್ಟಲೆ ಒಳಗ ಹೊಕ್ಕು, ಮಳಿ ನೀರಿಗೆ ಗಟ್ಟಿಯಾಗಿ, ಹಸಿ ಹಿಡದು ತಗಡನ್ನ ಒಳಗಿಂದೊಳಗೇ ತಿಂದಿತ್ತು. ಮ್ಯಾಲಿನ ಛತ್ತು ಗಟ್ಟಿ ಅದ, ಕಂಬ ಗಟ್ಟಿ ಅವ, ಕೆಳಗಿಂದಷ್ಟೇ ಹೊಸದು ಹಾಕಿದ್ರ ಆಯ್ತು ಬೇಟಿ, ಅಂತ ಚಾಚಾ ಧೈರ್ಯ ಹೇಳಿದ್ರು. ಚಿಂಚೋಳಿಗೆ ಮದಿವಿಗೆ ಹೊಂಟೀನಿ, ಬಂದು ಶುರು ಮಾಡ್ತೀನಿ, ಅಲ್ಲಿ ತನಕಾ ಯಾರೂ ಕೈ ಹಚ್ಚಬ್ಯಾಡ್ರಿ ಅಂದು ಹೋದ್ರು.

ನಮ್ಮನಿಯವರಿಗೆ ಕೈ ಕಟ್ಟಿ ಕೂಡೋದು ಹುಟ್ಟಿನಿಂದ ಬಂದಿಲ್ಲ. ಫರಸಿ ಹಾಸೋರದು ಒಂದು ರಿವಾಜ ಅದ. ಹಳೇದು ಪೂರಾ ಕಿತ್ತು, ನೆಲ ಖುಲ್ಲಾ ಮಾಡಿ, ಆಮ್ಯಾಲ ಹೊಸ ಕಲ್ಲು ಇಡೋದು. ಅರ್ಧ ಹಳೇದು ಅರ್ಧ ಹೊಸದು ಇಟ್ರ ಲೆವೆಲ್ ಕೂಡಂಗಿಲ್ಲ. ಚಾಚಾ ಬರೋದ್ರಾಗ ನಾವು ಕೊಳೆತಿದ್ದೆಲ್ಲಾ ತಗದು ಸಾಫ್ ಮಾಡಿಡೋಣ, ಅವರಿಗೂ ಹಗುರ ಆಗ್ತದ ಅಂದ್ರು. ನನಗೂ ಖರೇ ಅನಸ್ತು. ಗ್ರೈಂಡರಿಗೆ ಕಬ್ಬಿಣ ಕೊಯ್ಯೋ ಚಕ್ರ ಹಾಕಿದ್ರು, ನಾ ವೈರ್ ಹಿಡದು ನಿಂತೆ. ಒಂದು ಕಡೀ ಪಟ್ಟಿ ಹೋಯ್ತು, ತಳದ ತಗಡು ಹೋಯ್ತು, ಇನ್ನೊಂದು ಕಡೀ ಪಟ್ಟಿನೂ ಹೋಯ್ತು. ಕಿಡಿ ಹಾರಾಕತ್ತಿದ್ವು, ನಾ ಭಲೇ ಭಲೇ ಅನ್ನಾಕತ್ತಿದ್ದೆ. ಸಂಜಿಗಿ ಗಾಡಿ ಕೆಳಗ ಬರೀ ಅಂಗಳ ಕಾಣಸ್ತಿತ್ತು. ಇಬ್ಬರೂ ಚಹಾ ಕುಡದು ಭಾಳ ಖುಷಿಯಾಗಿ ನೋಡಕೋತ ಕುಂತ್ವಿ.

ಕಪ್ಪು ಎತ್ತಿಟ್ಟು ಬಂದು ಸುಮ್ಮ ಒಂದು ಬಾಗಲ ಹಾಕಾಕ ಹೋದೆ. ಮುಚ್ಚಲಿಲ್ಲ. ದೂಕಿದೆ, ಎತ್ತಿ ದೂಕಿದೆ, ಒಂದು ಒದಿಕಿನೂ ಕೊಟ್ಟೆ. ಬಾಗಲ ತನ್ನ ಚೌಕಟ್ಟಿನೊಳಗ ಹೋಗಲೇ ಒಲ್ಲದು. ನಾಕೂ ಹಂಗೇ ಆಗಿದ್ವು. ದೂರ ಸರದು ನಿಂತು ನೋಡಿದೆ. ಗಾಡಿ ನಡು ಕುಸದಿತ್ತು, ಮಂದಿ ಕೂತು ಜೋತ ಹಳೇ ಹಗ್ಗದ ಹೊರಸಿನಂಗ.

ಚಾಚಾ ಮದಿವಿ ಸಿಹಿ ಹಿಡಕೊಂಡು ಬಂದವರು, ಸಿಹಿ ಕಟ್ಟಿ ಮ್ಯಾಲಿಟ್ಟು ಗಾಡಿ ಸುತ್ತ ಒಂದು ಸುತ್ತು ಬಂದ್ರು. ಆಮ್ಯಾಲ ತಾವೇ ಕಲ್ಲಿನ ಮ್ಯಾಲ ಕುಂತು ತಿಳಿಸಿ ಹೇಳಿದ್ರು. ಇದಕ್ಕ ಲಾರಿಗೆ ಇದ್ದಂಗ ಕೆಳಗ ಭಾರ ಹೊರೋ ಬ್ಯಾರೆ ಚಾಸಿ ಇಲ್ಲ, ಗಾಡಿ ಬೆನ್ನೆಲುಬು ಅಂದ್ರ ಆ ಎರಡು ಪಟ್ಟಿನೇ. ಒಂದು ಕೊಯ್ದು, ಹೊಸದು ಹಾಕಿ, ಆಮ್ಯಾಲ ಇನ್ನೊಂದಕ್ಕ ಕೈ ಹಚ್ಚಬೇಕು. ಎರಡೂ ಕೂಡೇ ತಗದ್ರ ಹಿಂಗ ಆಗೋದೇ. ಈಗ ಇದ್ದಂಗೇ ತಗಡಿಗೆ ಬೆಸಗಿ ಹಾಕಿದ್ರ ಬಾಗಲ ಎಂದೂ ಮುಚ್ಚಂಗಿಲ್ಲ ಅಂದ್ರು. ನಾ ಒಳಗ ಹೋಗಿ, ಅಡಗಿಮನ್ಯಾಗ ನಿಂತು, ಸೆರಗಿನಾಗ ಮೋತಿ ಮುಚ್ಚಕೊಂಡು ಅತ್ತೆ. ಅಪ್ಪ ಇನ್ನ ಎಂದೂ ಕೂಡಂಗಿಲ್ಲಂತ ಅತ್ತೆ. ಅತ್ತು, ಮೋತಿ ತೊಳಕೊಂಡು ಹೊರಗ ಬಂದ್ರ, ನಮ್ಮನಿಯವರು ತಮ್ಮ ಕೆಲಸದ ನೀರಿನ ಪೈಪು ಹುಡಕಾಕತ್ತಿದ್ರು.

ಒಳಗಿನ ನೀರು ಕಾಣೋ ಉದ್ದನ ಪೈಪು ಅದು. ಎಷ್ಟೇ ದೊಡ್ಡ ಮನಿ ಇರಲಿ, ಆ ತುದಿಗೂ ಈ ತುದಿಗೂ ನೀರು ಒಂದೇ ಎತ್ತರಕ್ಕ ನಿಂತ್ರ ನೆಲ ಲೆವೆಲ್ ಅದ ಅಂತ ಅರ್ಥ. ಕುಸದ ನೆಲ ಎತ್ತೋದು ನನ್ನ ಕೆಲಸ, ತಗಡು ನಿಮ್ಮ ಕೆಲಸ, ನಡೀರಿ ಚಾಚಾ ಅಂದ್ರು. ಮುಂದಿನ ಬಾಗಲ ಬಿಜಾಗರಿಗೊಂದು ತುದಿ, ಹಿಂದಿನ ಬಿಜಾಗರಿಗೊಂದು ತುದಿ. ನಡುವಿನ ಕಂಬದ ಕೆಳಗ ಜಾಕ್ ಕೊಟ್ಟು ಚೂರು ಎತ್ತೋದು, ಎತ್ತಿದಷ್ಟಕ್ಕ ಫರಸಿ ತುಂಡು ಒತ್ತಿಡೋದು, ಮತ್ತ ನೀರು ನೋಡೋದು. ನಾ ಬಾಗಲ ಹಾಕಿ ನೋಡೋದು, ಇಲ್ಲ ಅನ್ನೋದು. ಮತ್ತ ಒಂದು ತೆಳ್ಳನ ಕಲ್ಲಿನ ಚಕ್ಕಿ. ಮತ್ತ ಇಲ್ಲ. ಓಣಿಯವರೆಲ್ಲಾ ಬಂದು ನಿಂತು, ಕಾರಿಗೆ ಮನಿ ಕಟ್ಟಾಕತ್ತಾರೇನ್ರಿ ಅಂತ ಮಜಾ ತಗೊಂಡ್ರು. ತಗೊಳ್ಳಲಿ ಬಿಡ್ರಿ. ಮಧ್ಯಾಹ್ನದ ಊಟಕ್ಕ ಕರಿಯೋ ಹೊತ್ತಿಗೆ ಹಿಂದಿನ ಬಾಗಲ ಟಕ್ ಅಂತ ಕುಂತಿತು. ನಾ ಅಲ್ಲೇ ನಿಂತು ಕುಣದೆ, ಚಾಚಾ ತಲಿ ತಗ್ಗಿಸಿ ನಕ್ಕರು.

ಕಲ್ಲು ಅಲ್ಲಾಡದಂಗ ಇರೋವಾಗಲೇ ಚಾಚಾ ಬಾಗಲ ಜಾಗಕ್ಕ ಅಡ್ಡ ಕಬ್ಬಿಣ ಹಚ್ಚಿ ಬಿಗಿ ಮಾಡಿದ್ರು, ಆಮ್ಯಾಲ ಹೊಸ ತಗಡು ತಂದ್ರು. ರಟ್ಟಿನ್ಯಾಗ ಅಳತಿ ಕೊಯ್ದು, ತಗಡಿನ ಮ್ಯಾಲ ಇಟ್ಟು ಗೀಟು ಎಳದು, ರೈಲ್ ಕಂಬಿ ತುಂಡಿನ ಮ್ಯಾಲ ಬಡದು ಬಡದು ಬಗ್ಗಿಸಿದ್ರು. ಒಂದೇ ಕಡೆ ಬೆಸಗಿ ಹಾಕಿದ್ರ ಬಿಸಿಗೆ ತಗಡು ಉಬ್ಬತದಂತ. ಅದಕ್ಕ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಚುಕ್ಕಿ ಹಾಕಿದಲ್ಲಿ ನಾ ಹಸಿ ಅರಿವಿ ಒತ್ತಬೇಕು. ರಂಗೋಲಿ ಚುಕ್ಕಿ ಕೂಡಿಸಿದಂಗ ಸಾವಕಾಶ ಎಲ್ಲಾ ಕೂಡಿಸಿದ್ರು. ಪಟ್ಟಿಯೊಳಗ ಡಾಂಬರಿನಂಥ ಕರೀ ಬಣ್ಣ ಸುರದ್ವಿ, ನೀರು ಇಳದು ಹೋಗಾಕ ಸಣ್ಣ ತೂತು ಬಿಟ್ವಿ. ತಳಕ್ಕೂ ಹೊಸ ತಗಡು. ಮಡ್‌ಗಾರ್ಡಿನ ಅಂಚು, ಡಿಕ್ಕಿ ತುದಿ, ಬಾಗಲಗಳ ಕೆಳಗಿನ ಗೇಣು ಗೇಣು ಎಲ್ಲಾ ಹೊಸದಾದ್ವು. ಇಂಜಿನ್ನು, ಬ್ರೇಕು ಮೆಕ್ಯಾನಿಕ್ ಬಂದು ಸರಿ ಮಾಡಿಕೊಟ್ಟ. ಗಾಡಿ ಬೆಳ್ಳಗ ಬಣ್ಣ ಹೊಡಸಕೊಂಡು ನಿಂತ ದಿನ ಓಣ್ಯಾಗ ನಾ ಎದಿ ಉಬ್ಬಿಸಿ ತಿರಗಿದೆ.

ಆದ್ರ ಡ್ರೈವರ್ ಕಡೀ ಬಾಗಲ ಒಂದ ಬೆರಳಿಗೆ ಬಗ್ಗಲಿಲ್ಲ. ಚಾಚಾ ಬಿಜಾಗರಿ ಬಿಚ್ಚಿದ್ರು, ಹಾಕಿದ್ರು, ತೆಳ್ಳನ ತಗಡಿನ ಪತ್ತಿ ಒಳಗಿಟ್ರು, ತಗದ್ರು. ಕಡಿಗೆ ಒಂದು ದೂಕು ಬೇಕೇ ಬೇಕು. ಉಳದ ಮೂರು ಬೆರಳ ತುದಿ ತಾಗಿದ್ರ ಸಾಕು, ಮುಚ್ಚತಿದ್ವು. ಇದೊಂದೇ ಮೊಂಡು. ಚಾಚಾ ಕೈ ಮುಗದು ಸಾಕು ಬೇಟಿ ಅಂದ್ರು.

ನಾ ಒಬ್ಬಾಕಿನೇ ನಾಲವಾರಕ್ಕ ನಡಸಿಕೊಂಡು ಹೋದೆ. ಅಪ್ಪ ಕಟ್ಟಿ ಮ್ಯಾಲ ಕುಂತಿದ್ದ. ಗಾಡಿ ನೋಡಿ ಎದ್ದ. ಸುತ್ತ ಬಂದ, ಕೆಳಗಿನ ಪಟ್ಟಿ ಮ್ಯಾಲ ಕೈ ಆಡಿಸಿದ, ಬಗ್ಗಿ ತಳಕ್ಕ ಬಡದು ನೋಡಿದ. ಒಂದು ಬಾಗಲ ತಗದು ಬೆರಳಿಲೆ ದೂಕಿದ, ಮುಚ್ಚಿತು. ಎರಡನೇದು, ಮೂರನೇದು. ಡ್ರೈವರ್ ಬಾಗಲಕ್ಕ ಬಂದು ಬೆರಳು ಹಚ್ಚಿದ. ಮುಚ್ಚಲಿಲ್ಲ. ಮತ್ತೊಮ್ಮೆ ಹಚ್ಚಿದ, ಇಲ್ಲ. ನಾ ನೆಲ ನೋಡಕೋತ ನಿಂತೆ.

"ಇದು ನನ್ನ ಕೈಯಾಗೂ ಎಂದೂ ಹಂಗ ಮುಚ್ಚಿಲ್ಲ" ಅಂದ ಅಪ್ಪ.

ನನಗ ಸಿಟ್ಟು ನೆತ್ತಿಗೇರಿತು. ಮತ್ತ ನನಗ್ಯಾಕ ಹಂಗ ಹೇಳಿದಿ, ಅದೆಷ್ಟು ದಿನ ಆ ಬಾಗಲಿಗೆ ತಲಿ ಬಡಕೊಂಡೀವಿ ಗೊತ್ತದೇನು ಅಂತ ಓಣಿಗೆಲ್ಲಾ ಕೇಳೋಹಂಗ ಒದರಿದೆ. ನೀ ಇಷ್ಟು ಮಾಡ್ತಿ ಅಂತ ನನಗೇನು ಗೊತ್ತಿತ್ತು ಬೇ ಅಂದ, ತಪ್ಪು ಮಾಡಿದ ಹುಡುಗನಂಗ. ಒಳಗ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಟವೆಲ್ ಹೆಗಲಿಗೆ ಹಾಕ್ಕೊಂಡು ಬಂದ. ಮುಂದಿನ ಸೀಟಿಗೆ ಬರತಾನ ಅಂದಕೊಂಡಿದ್ದೆ. ಹಿಂದಿನ ಬಾಗಲ ಹಿಡದು ನಿಂತ.

"ವಾಡಿ ಟೇಸನ್‌ಗ ಹೊಂಟೀರೇನ್ರಿ, ಡ್ರೈವರ್? ಒಂದು ಸೀಟ್ ಸಿಗತದೇನ್ರಿ?"

ಹುಟ್ಟಿದಾಗಿನಿಂದ ನಮ್ಮಪ್ಪ ನನಗ 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಕೂಡ್ರಿ ಅಂದೆ. ನನ್ನ ಬಾಗಲಿಗೆ ಒಂದು ದೂಕು ಕೊಟ್ಟು ಗಾಡಿ ಚಾಲೂ ಮಾಡಿದೆ.

ಊರು ದಾಟೋತನಕಾ ಈಗ ಗೇರ್ ಹಾಕು ಅಂತಾನ, ಈಗ ಬ್ರೇಕ್ ಹಿಡಿ ಅಂತಾನ ಅಂತ ಕಾಯಾಕತ್ತಿದ್ದೆ. ಲಾರಿ ಎದುರಿಗೆ ಬಂತು, ಹೋಯ್ತು. ಎಮ್ಮಿ ಅಡ್ಡ ಬಂದ್ವು, ಹೋದ್ವು. ಹಿಂದಿಂದ ಒಂದ ಮಾತಿಲ್ಲ. ಏನಾತಪ್ಪ ಅಂತ ಕನ್ನಡಿಯೊಳಗ ನೋಡಿದೆ. ಅಪ್ಪ ಸೀಟಿಗೆ ತಲಿ ಆನಿಸಿ, ಬಾಯಿ ತಕ್ಕೊಂಡು, ಕಾಲು ಚಾಚಿ ನಿದ್ದಿ ಹತ್ತಿದ್ದ.

ವಾಡಿ ಟೇಸನ್ ಬಂತು. ನಾ ನಿಲ್ಲಿಸಲಿಲ್ಲ. ಅವನ ನಿದ್ದಿ ಕೆಡದಂಗ ಸಾವಕಾಶ ಚಿತ್ತಾಪುರದ ರಸ್ತಾಕ್ಕ ಹೊಳ್ಳಿಸಿದೆ.