ರೀಲ್ಸ್ ದೇರಪ್ಪ ಮರ ಹತ್ತಿದ್ದು

ತಿತಿಮತಿಯ ದೇರಪ್ಪನಿಗೆ ರಸ್ತೆ ಪಕ್ಕ ಒಂದು ಜೇನಿನ ಅಂಗಡಿ. ಹೊರಗಿನಿಂದ ತಗಡಿನ ಡಬ್ಬದಲ್ಲಿ ಬರುವ ಜೇನನ್ನು ಬಾಟಲಿಗೆ ತುಂಬಿಸಿ ಮಾರುತ್ತಿದ್ದ. ಆಗೆಲ್ಲ ಅವನನ್ನು ಯಾರೂ ಸುಳ್ಳುಗಾರ ಅಂದವರಲ್ಲ. ಸುಳ್ಳು ಹೇಳೋಣವೆಂದರೆ ಗಿರಾಕಿಗಳಾದರೂ ಬರಬೇಕಲ್ಲ!

ರೀಲ್ಸ್ ಮಾಡಲು ಶುರು ಮಾಡಿದ ಮೇಲೆ ಏಕಾಏಕಿ ಕಾಡಿನ ಮನುಷ್ಯನಾದ. ಗಡ್ಡ ಬಿಟ್ಟ, ಅಂಗಿ ಕಳಚಿದ, ಹಣೆಗೊಂದು ಕೆಂಪು ಬಟ್ಟೆ ಕಟ್ಟಿದ. ಅಂಗಡಿ ಹಿಂದಿನ ಹಲಸಿನ ಮರವನ್ನು ಮೊಣಕಾಲೆತ್ತರ ಹತ್ತಿ ತಬ್ಬಿಕೊಳ್ಳುವನು. ಹೆಂಡತಿ ರಾಮಮ್ಮ ನೆಲದ ಮೇಲೆ ಮಲಗಿ ಫೋನನ್ನು ಮೇಲ್ಮುಖವಾಗಿ ಹಿಡಿಯುವಳು. ನೋಡುವವರಿಗೆ ದೇರಪ್ಪ ಆಕಾಶದಲ್ಲಿ!

“ಪ್ರಾಣ ಪಣಕ್ಕಿಟ್ಟು ನಿಮಗೆ ಕಾಡುಜೇನು ತರ್ತೇನೆ, ಸ್ನೇಹಿತರೇ,” ಎಂದು ಏದುಸಿರು ಬಿಡುತ್ತಿದ್ದ. ಏದುಸಿರೊಂದೇ ನಿಜ. ಅಷ್ಟು ಹತ್ತಿದ್ದಕ್ಕೇ ಬರುತ್ತಿತ್ತು.

“ನಾಳೆ ಯಾರಾದ್ರೂ ಬಂದು ಹತ್ತಿ ತೋರ್ಸಿ ಅಂದ್ರೆ ಏನು ಮಾಡ್ತೀರಿ?” ಎಂದಳು ರಾಮಮ್ಮ, ಸೆರಗಿನ ಮಣ್ಣು ಕೊಡವುತ್ತಾ.

“ಲೈಕ್ ಒತ್ತುವವರು ಕೂತಲ್ಲಿಂದ ಏಳೋದಿಲ್ಲ, ಮಾರಾಯ್ತಿ.”

ಎದ್ದರು. ಒಂದು ಭಾನುವಾರ ವ್ಯಾನ್ ತುಂಬ ಜನ ಬಂದಿಳಿದರು. ಮುಂದಾಳು ಹಂಸಿನಿ ಎಂಬ ಹುಡುಗಿ. ತಿಂಡಿ, ಜಲಪಾತ, ದೇವಸ್ಥಾನ ಎಲ್ಲವನ್ನೂ ಒಂದೇ ಉಸಿರಿನಲ್ಲಿ “ಸೂಪರ್” ಅನ್ನುವುದೇ ಅವಳ ಕಸುಬು.

“ಸರ್, ಹತ್ತಿ. ಲೈವ್ ಹೋಗ್ತಿದೆ.”

“ಇವತ್ತು ಸೊಂಟ ಸ್ವಲ್ಪ...”

“ಎಷ್ಟು ಸಾವಿರ ಜನ ನೋಡ್ತಿದ್ದಾರೆ ಗೊತ್ತಾ ಸರ್!”

ಸೊಂಟದ ನೋವು ಹಾರಿಹೋಯಿತು. ದೇರಪ್ಪ ಹತ್ತಿದ. ಚಪ್ಪಾಳೆ ಕೇಳಿ ಇನ್ನೂ ಹತ್ತಿದ. ಮೊದಲ ಕವಲಿನಲ್ಲಿ ನಿಂತು ಕೆಳಗೆ ನೋಡಿದ್ದೇ ತಪ್ಪಾಯಿತು. ಕಣ್ಣು ಮುಚ್ಚಿ ಕೊಂಬೆಯನ್ನು ಅಪ್ಪಿಕೊಂಡ.

“ಜೇನುಹುಳಗಳ ಜೊತೆ ಮಾತಾಡ್ತಿದ್ದಾರೆ,” ಎಂದು ಹಂಸಿನಿ ಫೋನಿಗೆ ಪಿಸುಗುಟ್ಟಿದಳು. ಆ ಮರದಲ್ಲಿ ಜೇನುಹುಳ ಹಾಗಿರಲಿ, ಗೂಡಿನ ಗುರುತೂ ಇರಲಿಲ್ಲ.

“ರಾಮಮ್ಮಾ! ಏಣಿ!” ಎಂಬ ಕೂಗು ಮೇಲಿನಿಂದ ಬಂತು.

ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪ ಕರಿಮೆಣಸು ಕುಯ್ಯುವ ಏಣಿ ತರಿಸಿದ. ಇಬ್ಬರು ಆಳುಗಳು ದೇರಪ್ಪನನ್ನು ಹಲಸಿನಹಣ್ಣು ಇಳಿಸುವ ಹಾಗೆ ಇಳಿಸಿದರು. ಲುಂಗಿ ಮೇಲೆಯೇ ಉಳಿಯಿತು. ಎಲ್ಲವೂ ಲೈವ್.

ಮಾನವಿದ್ದವನಾಗಿದ್ದರೆ ಅಂಗಡಿ ಮುಚ್ಚುತ್ತಿದ್ದ. ಆದರೆ ಆ ವಿಡಿಯೋ ಊರೂರು ಸುತ್ತಿತು. ಜನ ಮರ ನೋಡಲು ಬಂದರು, ಬಂದವರು ಬಾಟಲಿ ಕೊಂಡರು. ಜೇನು ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ಶ್ರೀಮಂಗಲದ ಕೆಲವು ಹೋಂಸ್ಟೇ ಮಾಲೀಕರಂತೂ, ವ್ಯಾಪಾರಕ್ಕೆ ಪ್ರಚಾರ ಮಾಡುವುದು ಹೇಗೆಂದು ಅವನಿಂದ ಭಾಷಣ ಮಾಡಿಸಿ ಶಾಲು ಹೊದಿಸಿದರು.

ರಾಮಮ್ಮ ಆ ಸಭೆಗೆ ಹೋಗಲಿಲ್ಲ. ಅಂಗಡಿಯಲ್ಲಿ ಕೂತಿದ್ದಳು. ಕಾರಿನಿಂದಿಳಿದ ಹೆಂಗಸೊಬ್ಬಳು ಬಾಟಲಿ ಎತ್ತಿಕೊಂಡು, “ಕಾಡುಜೇನೇ ಅಲ್ವಾ ಆಂಟಿ?” ಎಂದಳು.

“ಅಲ್ಲಮ್ಮ. ಡಬ್ಬದ್ದು.”

ಆಕೆ ಮುಖ ಸಿಂಡರಿಸಿ ಬಾಟಲಿ ಕೆಳಗಿಟ್ಟಳು. “ಸರ್ ಇರುವಾಗ ಬರ್ತೀವಿ,” ಅಂದಳು.